ಆರು ಡಬ್ಬಿ ಕೈಮ ಉಂಡೆ

ಆಗಸ್ಟ್ 3, 2005, ಬುಧವಾರ

ಇವರು ಏನು ತಿಂದರು, ಎಷ್ಟು ತಿಂದರು, ಎಷ್ಟು ಸಲ ಕೆಮ್ಮಿದರು ಎಂದು ದಿನವೂ ಬರೆದಿಡಿ ಅಂತ ಸ್ಪೀಚ್ ಥೆರಪಿಯ ಹುಡುಗಿ ಹೇಳಿ ಹೋದಳು. ಲೇಕ್ ಗಾರ್ಡನ್ಸ್ ಮಾರ್ಕೆಟ್ಟಿನಿಂದ ಇನ್ನೂರು ಪುಟದ ನೋಟ್‌ಬುಕ್ ತಂದೆ. ಅವಳಿಗೆ ತೋರಿಸುವುದನ್ನು ಮೊದಲ ಪುಟದಿಂದ ಬರೆಯುತ್ತೇನೆ. ಇದು ನನ್ನದು, ಕೊನೆಯ ಪುಟದಿಂದ ಹಿಂದಕ್ಕೆ. ಈ ಬಂಗಾಳಿ ಬೀದಿಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ, ಬಚ್ಚಿಡುವ ಗೋಜಿಲ್ಲ.

ಜೂನ್ ಹನ್ನೊಂದಕ್ಕೆ ಇವರಿಗೆ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಬಲಗಾಲು ಎಳೆಯುತ್ತದೆ, ಮಾತು ನಿಂತಿತು. ಇಷ್ಟು ಆಗುತ್ತದೆ ಎಂದು ಕೇಳಿದ್ದೆ. ನುಂಗುವುದೂ ಹೋಗುತ್ತದೆ ಎಂದು ಗೊತ್ತಿರಲಿಲ್ಲ. ನೀರು ಕುಡಿದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಅನ್ನದ ಅಗುಳು ಗಂಟಲಲ್ಲೇ ನಿಲ್ಲುತ್ತದೆ. ಮುದ್ದೆ ಅಂಟುತ್ತದೆ, ಕೊಡಲೇಬೇಡಿ ಎಂದಳು ಹುಡುಗಿ. ನಾವು ಮಂಡ್ಯದ ಕಡೆಯವರು. ಮುದ್ದೆ ಅಗಿಯುವ ಮಕ್ಕಳ ತಲೆಗೆ ನಮ್ಮತ್ತೆ ಮೊಟಕುತ್ತಿದ್ದರು. ನುಂಗುವುದನ್ನೇ ಊಟ ಎಂದುಕೊಂಡು ಬೆಳೆದ ಮನುಷ್ಯ, ಸಿಯಾಲ್ದಾ ರೈಲ್ವೆ ಕಂಟ್ರೋಲಿನಲ್ಲಿ ಕೂತು ಮೂವತ್ತು ವರ್ಷ ರೈಲು ಓಡಿಸಿದವರು, ಈಗ ಒಂದು ಚಮಚ ಗಂಜಿಗೆ ಗದ್ದವನ್ನು ಎದೆಗೆ ಒತ್ತಿಕೊಂಡು ಸಿದ್ಧತೆ ಮಾಡುತ್ತಾರೆ.

ಬೇಳೆಕಟ್ಟು ತಂದರೆ ತುಟಿ ಬಿಗಿ. ಮೊಟ್ಟೆ ಮಸೆದು ತಂದರೆ ಮುಖ ಗೋಡೆಗೆ. ಕೈಮ ಉಂಡೆ ಸಾರಿಗೆ ಮಾತ್ರ ಬಾಯಿ ತೆರೆಯುತ್ತಾರೆ. ಚಮಚದಿಂದ ಅಮುಕಿ ಸಾರಿನಲ್ಲಿ ನೆನೆಸಿ ಕೊಟ್ಟರೆ ಐದು ಉಂಡೆ ಹೋಗುತ್ತದೆ. ಹುಡುಗಿ ನೋಡಿ, "ಹೀಗೇ ಮೆತ್ತಗೆ, ಒದ್ದೆಯಾಗಿ ಇರಬೇಕು ಆಂಟಿ. ಒಣಗಿ ಪುಡಿಯಾದರೆ ಅಪಾಯ" ಅಂದಳು. ನನಗೆ ಅಡುಗೆ ಹೇಳಿಕೊಡುತ್ತಾಳೆ.

ತೂಕ ಐವತ್ತೆರಡು. ನಲವತ್ತೆಂಟಕ್ಕೆ ಇಳಿದರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಬೇಕಾಗುತ್ತದಂತೆ. ಆ ಮಾತು ಕೇಳಿ ಇವರು ಎಡಗೈಯಿಂದ ಮೂಗು ಮುಚ್ಚಿಕೊಂಡರು.

ಆಗಸ್ಟ್ 7, ಭಾನುವಾರ

ನಾಳೆಯಿಂದ ಹಗಲು ನಾನು ಮನೆಯಲ್ಲಿರುವುದಿಲ್ಲ. ಶೋಭಾ ಹೆತ್ತು ಮೂರೂವರೆ ವಾರ. ಮಗಳ ಬಾಣಂತನ ತವರಿನಲ್ಲಿ ಆಗಬೇಕು. ಇರುವ ಎರಡು ಕೋಣೆಯಲ್ಲಿ ಒಂದು ಆಸ್ಪತ್ರೆಯಾಗಿರುವಾಗ ಕೂಸನ್ನು ಎಲ್ಲಿ ಮಲಗಿಸಲಿ? ಅವಳು ಸಾಲ್ಟ್ ಲೇಕಿನಲ್ಲಿ ಗಂಡನ ಮನೆಯಲ್ಲೇ ಇದ್ದಾಳೆ. ಇಷ್ಟು ದಿನ ಅಳಿಯ ಮಿಥುನನ ಚಿಕ್ಕಮ್ಮ ಇದ್ದರು, ಮೊನ್ನೆ ಬೆಂಗಳೂರಿಗೆ ಹೊರಟರು. ಅಳಿಯ ಸೆಕ್ಟರ್ ಫೈವಿನ ಕಂಪನಿಗೆ ಹೋದರೆ ಬರುವುದಕ್ಕೆ ಹೊತ್ತೆಂಬುದಿಲ್ಲ. ಇವಳದೂ ಅಂಥದೇ ಕಂಪನಿ, ದುರ್ಗಾಪೂಜೆ ಮುಗಿದ ಮೇಲೆ ಹೋಗಲೇಬೇಕು.

"ನೀನ್ ಅಪ್ಪನ್ನ ನೋಡ್ಕೋ ಅಮ್ಮ, ಐ ವಿಲ್ ಮ್ಯಾನೇಜ್" ಅಂದಳು ಫೋನಿನಲ್ಲಿ.

"ಬಾಣಂತಿ ಮ್ಯಾನೇಜ್ ಮಾಡಿದ್ದನ್ನ ನಾನು ಎಲ್ಲೂ ಕಂಡಿಲ್ಲ ಕಣೇ. ಬರ್ತೀನಿ."

ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಗಡಿಯಾಹಾಟಿನಲ್ಲಿ ಬಸ್ಸು ಬದಲಿಸಿ ಹೋದರೆ ಐದಕ್ಕೆ ವಾಪಸು. ಇವರ ಮಧ್ಯಾಹ್ನದ ಊಟ ಆಯಾಳ ಕೈಯಲ್ಲಿ. ಮನೆಗಳಿಗೆ ಆಯಾಗಳನ್ನು ಕಳಿಸುವ ಸೆಂಟರಿನಿಂದ ಬಂದವಳು, ನಲವತ್ತರ ಹೆಂಗಸು, ಸಪೂರ, ಕುತ್ತಿಗೆಗೆ ಸಣ್ಣ ಮರದ ಮಣಿಗಳ ಸರ. ಹೆಸರು ಬಾಶೊಂತಿ ಎನ್ನುತ್ತಾಳೆ. ನಾನು ವಾಸಂತಿ ಎಂದೇ ಬರೆಯುತ್ತೇನೆ.

ಜೀವನದಲ್ಲಿ ಮೊದಲ ಸಲ ಆರು ದಿನದ ಬಾಡನ್ನು ಒಂದೇ ದಿನ ಬೇಯಿಸಿದೆ. ನಮ್ಮ ಮನೆಯಲ್ಲಿ ಬಾಡು ಅಂದರೆ ಅವತ್ತು ಕೊಯ್ದದ್ದು, ಅವತ್ತು ಬೇಯಿಸಿದ್ದು, ಅವತ್ತೇ ಉಂಡದ್ದು. ಉಳಿದರೆ ಕೊಟ್ಟುಬಿಡುವುದು. ಮನೆಯ ಯಜಮಾನನಿಗೆ ತಂಗಳು ಬಾಡು ಬಡಿಸಿದಳು ಎಂದು ಯಾವ ಬಾಯಿಂದಲೂ ಅನ್ನಿಸಿಕೊಂಡವಳಲ್ಲ ನಾನು. ಇವತ್ತು ಮೂವತ್ತು ಉಂಡೆ ಕಟ್ಟಿದೆ, ಒಂದೊಂದೂ ನಿಂಬೆಹಣ್ಣಿನ ಗಾತ್ರ. ಸಾರಿನಲ್ಲಿ ಬಿಟ್ಟರೆ ಹಳಸೀತು ಎಂದು ಉಂಡೆಗಳನ್ನು ಎತ್ತಿ ಒಣಗಿಸಿ ಆರು ಸ್ಟೀಲ್ ಡಬ್ಬಿಗೆ ಹಾಕಿದೆ. ಸಾರು ಬೇರೆ. ಮೂರು ದಿನದ್ದು ಫ್ರಿಜ್ಜಿನಲ್ಲಿ ಕೆಳಗೆ, ಮೂರು ದಿನದ್ದು ಫ್ರೀಜರಿಗೆ.

ವಾಸಂತಿಗೆ ಬಾಗಿಲ ಪಕ್ಕದ ಒಂದು ಒಲೆ ತೋರಿಸಿದೆ. "ಇದೊಂದೇ ನಿನ್ನದು. ಒಳಗಿನದಕ್ಕೆ ಕೈ ಹಾಕಬಾರದು. ತಂಗಳು ಬಾಡು ವಿಷ. ಸಾರಿಗೆ ಉಂಡೆ ಹಾಕಿ ಇಪ್ಪತ್ತು ನಿಮಿಷ ಗಳಗಳ ಕುದಿಸಬೇಕು. ಗಡಿಯಾರ ನೋಡಿ ಕುದಿಸು. ಒಂದು ನಿಮಿಷ ಕಡಿಮೆಯಾಗಬಾರದು."

"ಹಾಂ ಮಾಶಿಮಾ" ಅಂದಳು, ನನ್ನನ್ನು ಇಲ್ಲಿಯವರ ಹಾಗೆ ಚಿಕ್ಕಮ್ಮ ಎನ್ನುತ್ತಾಳೆ. ಗಡಿಯಾರದ ಕಡೆ ನೋಡಿಯೂ ನೋಡಿದಳು.

ಆಗಸ್ಟ್ 12, ಶುಕ್ರವಾರ

ಕೂಸಿಗೆ ನೀರು ಹಾಕಿ ಬೆನ್ನು ಹಿಡಿದುಕೊಂಡಿದೆ. ಇವರು ಮಧ್ಯಾಹ್ನ ಮೂರು ಉಂಡೆ, ನಾಲ್ಕು ಸಲ ಕೆಮ್ಮು. ನಾನಿದ್ದಾಗ ಐದು ತಿನ್ನುತ್ತಿದ್ದರು.

ಆಗಸ್ಟ್ 21, ಭಾನುವಾರ

ಎರಡು ಉಂಡೆ. ತೂಕ ಐವತ್ತು ಮುಕ್ಕಾಲು.

ಹುಡುಗಿ ನೋಟ್‌ಬುಕ್ಕಿನ ಮೊದಲ ಪುಟಗಳನ್ನು ತಿರುವಿ, "ಭಾನುವಾರ ಕೆಮ್ಮೇ ಇಲ್ಲ, ಬಾಕಿ ದಿನ ಯಾಕೆ ಆಂಟಿ ಇಷ್ಟು?" ಎಂದು ಕೇಳಿದಳು. ಭಾನುವಾರ ನಾನೇ ಮಾಡಿ ನಾನೇ ಉಣಿಸುತ್ತೇನೆ ಅಂದೆ. "ಹಾಗಾದರೆ ಉಣಿಸುವ ರೀತಿಯಲ್ಲಿ ಏನೋ ಇದೆ." ನನಗೂ ಹಾಗೇ ಅನ್ನಿಸಿತು.

ಸಂಜೆ ಕೈಮ ಕಲಸುವಾಗ ಹುರಿಗಡಲೆ ಪುಡಿ ಇನ್ನೊಂದು ಹಿಡಿ ಹಾಕಿದೆ. ಉಂಡೆಯನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಿದೆ.

ಆಗಸ್ಟ್ 30, ಮಂಗಳವಾರ

ಇವತ್ತು ಮಿಥುನ ಮನೆಯಲ್ಲಿದ್ದ, ಆದ್ದರಿಂದ ಒಂದೂವರೆಗೇ ಬಂದೆ. ಇವರ ತಟ್ಟೆ ಇನ್ನೂ ಮಂಚದ ಪಕ್ಕದಲ್ಲಿತ್ತು. ಅದರಲ್ಲಿ ಉಳಿದಿದ್ದ ಉಂಡೆ ನೋಡಿದೆ. ನೆಲ್ಲಿಕಾಯಿಯಷ್ಟು! ನಾನು ಕಟ್ಟಿದ್ದು ದೊಡ್ಡ ನಿಂಬೆಹಣ್ಣಿನಷ್ಟು. ಮೂವತ್ತೇಳು ವರ್ಷದಿಂದ ಕೈಮ ಉಂಡೆ ಕಟ್ಟುತ್ತಿರುವ ಕೈ ಇದು, ಗಾತ್ರದಲ್ಲಿ ಮೋಸ ಹೋಗುವುದಿಲ್ಲ.

"ಉಂಡೆ ಮುರಿದು ಅರ್ಧ ತೆಗೆದು ಮತ್ತೆ ಕಟ್ಟುತ್ತೀಯಾ?" ಎಂದೆ.

ವಾಸಂತಿ ಬಟ್ಟಲು ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದಳು. "ಏನು ಮಾಶಿಮಾ?"

"ಹಸಿವಾದರೆ ಕೇಳು, ಕೊಡುತ್ತೇನೆ. ನುಂಗಲಾರದ ರೋಗಿಯ ತಟ್ಟೆಯಿಂದ ಕದಿಯಬೇಡ. ತಿನ್ನುವುದನ್ನು ನೀನು ತಿಂದು, ಚೂರು ಪಾರು ಅವರಿಗೆ ಹಾಕಿದರೆ ಕೆಮ್ಮದೆ ಇನ್ನೇನು ಮಾಡುತ್ತಾರೆ?"

ಅವಳು ಕುತ್ತಿಗೆಯ ಮಣಿಸರವನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಬಟ್ಟಲು ಒರೆಸಿ ಇಟ್ಟು, ಇವರ ಬಾಯಿ ಒರೆಸಿ, ದಿಂಬು ಸರಿಮಾಡಿ, ಎಂಟು ಗಂಟೆಯ ತನಕ ಕೆಲಸ ಮಾಡಿ ಹೋದಳು. ಒಂದು ಮಾತಿಲ್ಲ. ಕಳ್ಳತನ ಸಿಕ್ಕಿಬಿದ್ದರೆ ಯಾರಿಗೆ ಮಾತು ಬರುತ್ತದೆ?

ಇವರು ಎಡಗೈ ಎತ್ತಿ ನನಗೆ ಬೇಡ ಬೇಡ ಎಂದು ಆಡಿಸುತ್ತಿದ್ದರು. ಏನು ಬೇಡ ಎಂದು ನನಗೆ ತಿಳಿಯಲಿಲ್ಲ.

ಆಗಸ್ಟ್ 31, ಬುಧವಾರ

ಅವಳು ಬರಲಿಲ್ಲ. ಸೆಂಟರಿನಿಂದ ಬೇರೊಬ್ಬಳು ಬಂದಳು. ದಪ್ಪಗೆ, ಗಟ್ಟಿಮುಟ್ಟಾಗಿದ್ದಾಳೆ. ಮಾಂಸ ಮೀನು ಎಲ್ಲ ಗೊತ್ತು ಎಂದಳು. ಒಳ್ಳೆಯದೇ ಆಯಿತು.

ಸೆಪ್ಟೆಂಬರ್ 4, ಭಾನುವಾರ

ನಿನ್ನೆ ಬೇಗ ಬಂದು ನೋಡಿದೆ, ಹೊಸ ಆಯಾ ಬಡಿಸಿದ ತಟ್ಟೆಯಲ್ಲೂ ಉಂಡೆ ನೆಲ್ಲಿಕಾಯಿ.

ಇಬ್ಬರೂ ಕಳ್ಳಿಯರೇ ಎಂದು ನನಗೇ ನಾನು ತೋರಿಸಿಕೊಳ್ಳಬೇಕು ಎಂದು ಒಂದು ಡಬ್ಬಿ ತೆಗೆದು ನಾನೇ ಬಿಸಿಗಿಟ್ಟೆ. ನಾನು ಹೇಳಿದ್ದೇ ಕ್ರಮ. ಸಾರು ಗಳಗಳ ಕುದಿಯಿತು, ಉಂಡೆ ಹಾಕಿದೆ, ಇಪ್ಪತ್ತು ನಿಮಿಷ. ಗಡಿಯಾರ ನೋಡಿಕೊಂಡು ನಿಂತೆ. ನನ್ನ ಅಡುಗೆಮನೆಯಲ್ಲಿ ಗಡಿಯಾರ ನೋಡಿ ನಾನು ಯಾವತ್ತೂ ನಿಂತಿರಲಿಲ್ಲ.

ಐದು ನಿಮಿಷಕ್ಕೆ ಕುಗ್ಗಲು ಶುರುವಾಯಿತು. ಹತ್ತಕ್ಕೆ ಮೇಲೆಲ್ಲ ಸುಕ್ಕು. ಇಪ್ಪತ್ತಕ್ಕೆ ಇಳಿಸಿ ಐದನ್ನೂ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ನೆಲ್ಲಿಕಾಯಿ. ಒಂದನ್ನು ಚಮಚದಿಂದ ಅಮುಕಿದೆ, ಮರಳಿನ ಹಾಗೆ ಉದುರಿತು. ಬಾಯಿಗೆ ಹಾಕಿಕೊಂಡೆ. ಹಲ್ಲಿರುವ ನನಗೇ ನೀರು ಕುಡಿಯದೆ ಇಳಿಯಲಿಲ್ಲ.

ನಾಲ್ಕು ವಾರ ಇವರಿಗೆ ಇದನ್ನು ಕೊಟ್ಟಿದ್ದೇವೆ.

ಆದರೂ ಅವಳು ಬಾಯಿ ಬಿಟ್ಟು ಹೇಳಬಹುದಿತ್ತು.

ಸೆಪ್ಟೆಂಬರ್ 8, ಗುರುವಾರ

ಸಾಲ್ಟ್ ಲೇಕಿಗೆ ಫೋನ್ ಬಂತು. ಹೆಚ್ಚು ಕುದಿಸಬೇಡ ಎಂದು ಹೊಸ ಆಯಾಳಿಗೆ ಹೇಳಿದ್ದೆ, ಬೇಗ ಮುಗಿಸಲೆಂದು ತುತ್ತಿನ ಮೇಲೆ ತುತ್ತು ಹಾಕಿದ್ದಾಳೆ. ಇವರಿಗೆ ನೆತ್ತಿಗೇರಿ ಉಸಿರು ಕಟ್ಟಿದೆ. ಕೆಳಮನೆಯವರು ಓಡಿಬಂದು ಬೆನ್ನಿಗೆ ಹೊಡೆದು ಹೊರಗೆ ತೆಗೆಸಿದ್ದಾರೆ. ನಾನು ಬರುವಷ್ಟರಲ್ಲಿ ಡಾಕ್ಟರು ಬಂದಿದ್ದರು. ಎದೆಯಲ್ಲಿ ಗೊರಗೊರ. ಜ್ವರ.

ಅವಳನ್ನು ಕಳಿಸಿಬಿಟ್ಟೆ. ಇನ್ನು ನಾನೇ ಇರುತ್ತೇನೆ.

ಸೆಪ್ಟೆಂಬರ್ 11, ಭಾನುವಾರ

ನಲವತ್ತೆಂಟು ಮುಕ್ಕಾಲು. ಅಕ್ಟೋಬರ್ ಆರಕ್ಕೆ ಬಂದು ಊಟ ನೋಡಿ, ತೂಕ ನೋಡಿ ನಳಿಕೆಯ ವಿಷಯ ತೀರ್ಮಾನ ಎಂದಳು ಹುಡುಗಿ.

ಸೆಪ್ಟೆಂಬರ್ 14, ಬುಧವಾರ

ಜ್ವರ ಬಿಟ್ಟಿತು. ನಾಲ್ಕು ದಿನದಿಂದ ಒಂದೇ ಕೆಲಸ, ಬಾಡನ್ನು ಒಣಗಿಸದೆ ಬಿಸಿ ಮಾಡುವುದು ಹೇಗೆ ಎಂದು ನೋಡುವುದು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಇಷ್ಟು ಶ್ರದ್ಧೆ ಕೊಟ್ಟಿರಲಿಲ್ಲ.

ಮೊದಲನೆಯದು, ಕಸಾಯಿಯವನಿಗೆ ಹೇಳಿ ಕೈಮದಲ್ಲಿ ಸ್ವಲ್ಪ ಕೊಬ್ಬು ಉಳಿಸಿಕೊಂಡೆ. ಪೂರಾ ತೆಳುಮಾಂಸದ ಉಂಡೆ ಎರಡನೇ ಬಿಸಿಗೆ ಕಲ್ಲಾಗುತ್ತದೆ. ಈರುಳ್ಳಿಯನ್ನು ಹೆಚ್ಚದೆ ತುರಿದು, ರಸ ಸಮೇತ ಕಲಸಿದೆ. ಉಂಡೆ ಬೇಯುವಾಗ ಸಾರು ಕುದಿಯಬಾರದು, ಅಂಚಿನಲ್ಲಿ ಮಿಣಮಿಣ ಅಂದರೆ ಸಾಕು. ಬೆಂದ ಮೇಲೆ ಎತ್ತಲಿಲ್ಲ, ಸಾರಿನಲ್ಲೇ ಬಿಟ್ಟೆ. ಆರುವಾಗ ಉಂಡೆ ಸಾರು ಕುಡಿದುಕೊಳ್ಳುತ್ತದೆ. ಇದನ್ನೇ ನಾನು ಎತ್ತಿ ಒಣಗಿಸಿ ಡಬ್ಬಿಗೆ ಹಾಕುತ್ತಿದ್ದೆ. ಪೂರಾ ಆರುವ ತನಕ ಹೊರಗೆ ಕೂರಿಸಲೂ ಕೂಡದು. ಡಬ್ಬಿಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಫ್ರಿಜ್ಜಿಗೆ. ಒಂದು ಡಬ್ಬಿಗೆ ಒಂದೇ ಹೊತ್ತಿನದು, ಉಂಡೆ ಮುಳುಗುವಷ್ಟು ಸಾರು, ಮೇಲೆ ಕಟ್ಟಿದ ಕೊಬ್ಬನ್ನು ತೆಗೆಯದೆ.

ಬಿಸಿ ಮಾಡುವುದು ಒಲೆಯ ಮೇಲೆ ಬೇಡವೇ ಬೇಡ. ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ, ಡಬ್ಬಿಯನ್ನು ಮುಚ್ಚಳ ಸಮೇತ ಒಳಗಿಟ್ಟು ಹಬೆಯಲ್ಲಿ ಬಿಸಿ ಮಾಡಿದೆ. ಉಂಡೆಯ ನಡುವಿನ ತನಕ ಹೊಗೆಯಾಡಿತು, ಗಾತ್ರ ಇದ್ದಷ್ಟೇ ಇತ್ತು. ಒಂದೇ ಸಲ ಬಿಸಿ, ಉಳಿದದ್ದು ಮತ್ತೆ ಒಳಗೆ ಹೋಗುವಂತಿಲ್ಲ.

ಸೋಮವಾರ ಮಾಡಿದ್ದನ್ನು ಇವತ್ತು ಬುಧವಾರ ಕೊಟ್ಟೆ. ನಾಲ್ಕು ತಿಂದರು. ಕೆಮ್ಮು ಒಂದು.

ಶೋಭಾ ಫೋನು ಮಾಡಿದಳು. ಮಗು ಅಳುತ್ತಿತ್ತು, ಅವಳೂ ಅಳುತ್ತಿದ್ದಳು. "ಎರಡು ದಿನದಿಂದ ಬ್ರೆಡ್ ತಿಂತಿದ್ದೀನಿ ಅಮ್ಮ. ನೀನು ಬರ್ಬೇಡ, ಸುಮ್ನೆ ಹೇಳ್ದೆ" ಅಂದಳು. ಸೆಂಟರಿಗೆ ಫೋನು ಮಾಡಿದೆ. ಪೂಜೆಯ ಹೊತ್ತು, ಯಾರೂ ಇಲ್ಲ ಎಂದರು. ವಾಸಂತಿಯ ಹೆಸರು ಹೇಳಿದೆ. ಅವಳು ನಿಮ್ಮ ಮನೆಗೆ ಬರುವುದಿಲ್ಲ ಎಂದಿದ್ದಾಳೆ, ಅಂದರು.

ಬೆಳಿಗ್ಗೆ ಎಂಟಾದರೆ, ವಾಸಂತಿ ಬರುತ್ತಿದ್ದ ಹೊತ್ತಿಗೆ, ಇವರು ಬಾಗಿಲ ಕಡೆ ನೋಡುತ್ತಾರೆ. ನಾನು ಕಣ್ಣೆದುರೇ ಇದ್ದರೂ.

ಸೆಪ್ಟೆಂಬರ್ 17, ಶನಿವಾರ

ಕೆಳಮನೆಯ ಅಜ್ಜಿಗೂ ಒಬ್ಬಳು ಆಯಾ ಇದ್ದಾಳೆ. ಅವಳು ವಾಸಂತಿಯ ಜೊತೆ ಒಂದೇ ಲೋಕಲ್ ರೈಲಿನಲ್ಲಿ ಬರುತ್ತಿದ್ದಳಂತೆ. ವಿಳಾಸ ಕೇಳಿದೆ. "ಸಂತೋಷ್‌ಪುರ ಸ್ಟೇಷನ್ನಿನಿಂದ ಕೆರೆಯ ದಾರಿ, ಯಾರನ್ನು ಕೇಳಿದರೂ ಹೇಳುತ್ತಾರೆ. ಯಾಕೆ ಮಾಶಿಮಾ, ಇನ್ನೇನಾದರೂ ಕಳೆದಿದೆಯಾ?" ಎಂದು ನಕ್ಕಳು. ಇಡೀ ಲೋಕಲ್ಲಿಗೇ ಸುದ್ದಿ ಗೊತ್ತು.

ಇವರ ಬಳಿ ಮಿಥುನನನ್ನು ಕೂರಿಸಿ ಹತ್ತೂವರೆಯ ಗಾಡಿ ಹತ್ತಿದೆ. ವಿಶ್ವಕರ್ಮ ಪೂಜೆ, ಆಕಾಶದ ತುಂಬ ಗಾಳಿಪಟ, ರಿಕ್ಷಾ ಸ್ಟ್ಯಾಂಡಿನಲ್ಲೆಲ್ಲ ಮೈಕು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಪೂಜೆಗೆ ಸೀರೆ ಕೊಡುತ್ತೇನೆ, ಸೆಂಟರಿಗೆ ನಾನೇ ಹೇಳುತ್ತೇನೆ, ಹೀಗೆ. ಕದ್ದೆ ಎಂದದ್ದು ತಪ್ಪು ಎಂಬ ಮಾತೊಂದು ಎಲ್ಲಿಯೂ ಹೊಂದಲಿಲ್ಲ.

ಹೆಂಚಿನ ಸಣ್ಣ ಮನೆ. ವಾಸಂತಿ ಅಂಗಳದಲ್ಲಿದ್ದಳು. ನನ್ನನ್ನು ನೋಡಿ ಸೆರಗು ಹೊದ್ದಳೇ ಹೊರತು ಬನ್ನಿ ಎನ್ನಲಿಲ್ಲ. ಬನ್ನಿ ಎಂದವಳು ಅವಳ ಅತ್ತಿಗೆ.

"ಕೂರಿ ಮಾಶಿಮಾ. ಒಂದು ಲೋಟ ಟೀ ಕೂಡ ಕೊಡೋ ಹಾಗಿಲ್ಲ ಇವತ್ತು. ನಮಗೆ ಅರಂಧನ. ಒಲೆ ಹಚ್ಚೋದಿಲ್ಲ, ಒಲೆಗೇ ಪೂಜೆ. ನಿನ್ನೆ ಮಾಡಿದ್ದನ್ನೇ ಇವತ್ತೆಲ್ಲ ಊಟ."

ಒಲೆಗೆ ರಂಗೋಲಿ ಬರೆದು ಮುಳ್ಳಿನ ಗಿಡದ ಒಂದು ಕೊಂಬೆ ಇಟ್ಟಿದ್ದರು. ಸುತ್ತ ಮುಚ್ಚಿಟ್ಟ ಪಾತ್ರೆಗಳು. ಮೂವತ್ತೇಳು ವರ್ಷ ಈ ಊರಿನಲ್ಲಿದ್ದೇನೆ, ತಂಗಳನ್ನು ದೇವರ ಮುಂದಿಟ್ಟು ತಿನ್ನುವ ಹಬ್ಬವೊಂದಿದೆ ಎಂ‌ದು ತಿಳಿದಿರಲಿಲ್ಲ. ಯಾರ ಮನೆಗೂ ಹೋದವಳಲ್ಲ ನಾನು.

ಅತ್ತಿಗೆ ತಟ್ಟೆಗಳಿಗೆ ಬಡಿಸಿದಳು. ನೀರಲ್ಲಿ ನೆನೆದ ಅನ್ನ, ಕೆಸುವಿನ ಪಲ್ಯ, ಹುಳಿ ಬೇಳೆ, ಕರಿದ ಕುಂಬಳಕಾಯಿ, ಹಿಲ್ಸಾ ಮೀನು. ವಾಸಂತಿಯ ತಟ್ಟೆಗೆ ಬಂದಾಗ ಮೀನಿನ ಪಾತ್ರೆಯನ್ನು ದಾಟಿಸಿಕೊಂಡು ಹೋದಳು. ನಾನು ನೋಡಿದ್ದನ್ನು ನೋಡಿ ನಕ್ಕಳು. "ಇವಳು ವೈಷ್ಣವಿ ಮಾಶಿಮಾ. ಆ ತುಳಸಿ ಮಾಲೆ ಹಾಕ್ಕೊಂಡು ಹನ್ನೊಂದು ವರ್ಷ. ಮೀನಿನ ಮುಳ್ಳೂ ಮುಟ್ಟಿಲ್ಲ, ಮಾಂಸದ ಮಾತು ದೂರ."

ಆ ಮಣಿಸರವನ್ನು ನಾನು ಮೂರು ವಾರ ದಿನವೂ ನೋಡಿದ್ದೆ.

"ಸೆಂಟರಿಗೆ ಹೇಳಿಲ್ಲವಾ?" ಎಂದೆ ವಾಸಂತಿಗೆ.

"ಹೇಳಿದ್ರೆ ಅರ್ಧ ಮನೆ ತಪ್ಪಿಹೋಗುತ್ತೆ. ರೋಗಿಗೆ ಕೊಡೋದು ಸೇವೆ, ಅದರಲ್ಲಿ ದೋಷ ಇಲ್ಲ ಅಂದ್ರು ನಮ್ಮ ಗುರು. ಸ್ನಾನ ಮಾಡಿಕೊಂಡರಾಯ್ತು."

"ನಾನು ಕೇಳಿದಾಗಲಾದರೂ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ ಮಾಶಿಮಾ. ಹೇಳಿದ್ರಿ."

ಅತ್ತಿಗೆ ನಗುವುದನ್ನು ನಿಲ್ಲಿಸಿದಳು.

"ಉಂಡೆ ಕುಗ್ಗಿದ್ದು ಕುದಿಸಿದ್ದರಿಂದ" ಎಂದೆ. "ಕುದಿಸು ಎಂದವಳು ನಾನು." ದಾರಿಯುದ್ದಕ್ಕೂ ಜೋಡಿಸಿಕೊಂಡದ್ದರಲ್ಲಿ ಬಾಯಿಗೆ ಬಂದದ್ದು ಇಷ್ಟೇ.

ವಾಸಂತಿ ಎದ್ದಳು. ಒಂದು ತಟ್ಟೆ ತೊಳೆದು ತಂದು ನನ್ನ ಮುಂದೆ ಇಟ್ಟು ನಿಂತಳು. ನಾನು ತಂಗಳು ತಿನ್ನುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು, ನಾನೇ ನಾಲ್ಕು ಸಲ ಹೇಳಿದ್ದೇನೆ. "ಮೀನು ಬೇಡ, ನಿನಗೆ ಹಾಕಿದ್ದನ್ನೇ ಹಾಕು" ಎಂದೆ.

ಕೆಸುವಿನ ಪಲ್ಯ ಚೆನ್ನಾಗಿತ್ತು. ನಮ್ಮ ಕಡೆ ಹುಣಸೆಹಣ್ಣು ಹೆಚ್ಚು ಹಾಕುತ್ತೇವೆ.

ಸೋಮವಾರದಿಂದ ಬರುತ್ತಾಳೆ.

ಸೆಪ್ಟೆಂಬರ್ 20, ಮಂಗಳವಾರ

ಎರಡು ದಿನ ಸಾಲ್ಟ್ ಲೇಕಿಗೆ ತಡವಾಗಿ ಹೋಗಿ ವಾಸಂತಿಗೆ ಹೇಳಿಕೊಟ್ಟೆ. ಇಡ್ಲಿ ಪಾತ್ರೆ ಒಳಗಿನ ಕಪಾಟಿನಲ್ಲಿದೆ. ಪ್ರತಿ ಸಲ ನಾನು ತೆಗೆದುಕೊಡಲು ಆಗುತ್ತದೆಯೇ, ಅವಳೇ ತೆಗೆದುಕೊಳ್ಳುತ್ತಾಳೆ.

"ರುಚಿ ನೋಡದೆ ಹೇಗೆ ಗೊತ್ತಾಗುತ್ತೆ ಮಾಶಿಮಾ, ಸರಿಯಾಯ್ತು ಅಂತ? ಅದಕ್ಕೇ ಹೆದರಿಕೆ ನನಗೆ. ನೀವು ಇಪ್ಪತ್ತು ನಿಮಿಷ ಅಂದ್ರೆ ನಾನು ಇಪ್ಪತ್ತೈದು ಕುದಿಸ್ತಿದ್ದೆ."

"ನಮ್ಮಲ್ಲಿ ಹಿರಿಯರ ಎಡೆಗೆ ಬಾಡು ಬೇಯಿಸುವಾಗ ರುಚಿ ನೋಡುವ ಹಾಗಿಲ್ಲ. ಎಡೆ ಇಡುವ ತನಕ ನಾಲಿಗೆಗೆ ಒಂದು ಹನಿ ತಾಗಿಸಬಾರದು. ಮದುವೆಯಾದಾಗಿನಿಂದ ಹಾಗೇ ಬೇಯಿಸಿದ್ದೇನೆ."

"ಒಂದು ಸಲವೂ ಕೆಡಲಿಲ್ವಾ?"

"ಸತ್ತವರು ಯಾರೂ ಬಂದು ದೂರಲಿಲ್ಲ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಮಂಚದಿಂದ ಇವರೂ ಹೂಂ ಹೂಂ ಎಂದರು.

ನಾಲಿಗೆ ಇಲ್ಲದೆ ನೋಡುವ ಕ್ರಮ ತೋರಿಸಿದೆ. ಚಮಚವನ್ನು ನಡುವಿನ ಉಂಡೆಯೊಳಗೆ ಚುಚ್ಚಿ, ಹತ್ತು ಎಣಿಸಿ ತೆಗೆದು ಮಣಿಕಟ್ಟಿನ ಒಳಗೆ ತಾಗಿಸು, ಚುರುಕ್ ಎನ್ನಬೇಕು. ಎನ್ನದಿದ್ದರೆ ಇನ್ನೂ ಹಬೆ ಬೇಕು. ಆಮೇಲೆ ಚಮಚದ ಬೆನ್ನಿನಿಂದ ಒತ್ತು, ಸುತ್ತಲೂ ರಸ ಒಸರಬೇಕು. ಒಸರಿ ಉಂಡೆ ಬಿರಿಯದೆ ಕೂತರೆ ಸರಿ. ಪುಡಿಯಾದರೆ ಕೊಡಬೇಡ, ಚೆಲ್ಲಿಬಿಡು.

"ಚೆಲ್ಲೋದಾ? ನಿಮ್ಮನ್ನ ಕೇಳದೆ?"

"ನಾನು ಇಲ್ಲಿರುವುದಿಲ್ಲವಲ್ಲ. ನೀನು ಇರುತ್ತೀಯ."

ಸೆಪ್ಟೆಂಬರ್ 26, ಸೋಮವಾರ

ನಾಲ್ಕು. ಐದು. ಐದು. ನಾಲ್ಕು. ಐದು. ಕೆಮ್ಮು ಎರಡು ದಿನ ಇಲ್ಲ.

ಗುರುವಾರ ಒಂದು ಡಬ್ಬಿ ಚೆಲ್ಲಿದಳಂತೆ. ಫ್ರಿಜ್ಜಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ, ವಾಸನೆ ಬಂತು ಎಂದಳು. ಬಾಗಿಲು ಹಾಕದೆ ಹೋದವಳು ನಾನೇ.

ಶೋಭಾಳಿಗೂ ನಾಲ್ಕು ಡಬ್ಬಿ ಕೋಳಿ ಸಾರು ಮಾಡಿ ಅವಳ ಫ್ರಿಜ್ಜಿನಲ್ಲಿಟ್ಟೆ. "ಅಮ್ಮ, ಬಾಣಂತಿಗೆ ಫ್ರಿಜ್ಜಿಂದಾ? ಅಲೌಡಾ?" ಎಂದು ಕಣ್ಣರಳಿಸಿದಳು. ಬ್ರೆಡ್ಡಿಗಿಂತ ವಾಸಿ ಅಂದೆ.

ಅಕ್ಟೋಬರ್ 3, ಸೋಮವಾರ

ಮಹಾಲಯ ಅಮಾವಾಸ್ಯೆ. ನಸುಕಿನಿಂದಲೇ ಎಲ್ಲರ ಮನೆಯ ರೇಡಿಯೋದಲ್ಲಿ ದೇವಿಯ ಸ್ತೋತ್ರ. ಸ್ನಾನ ಮಾಡಿ ಎಡೆಗೆ ಅಡುಗೆ ಮಾಡಿದೆ. ವಾಸಂತಿ ಬಾಗಿಲಲ್ಲಿ ನಿಂತು ನೋಡಿದಳು, ನಾನು ನಾಲಿಗೆಗೆ ತಾಗಿಸುತ್ತೇನೋ ಎಂದು ಪರೀಕ್ಷೆ ಮಾಡುವವಳ ಹಾಗೆ.

ಎಡೆ ಇಡಬೇಕಾದದ್ದು ಇವರ ಬಲಗೈ. ಏಳಲಿಲ್ಲ. ಒಂದು ಪಕ್ಕದಿಂದ ನಾನು ಮೊಣಕೈ ಹಿಡಿದೆ, ಬೆರಳು ಮಡಚಿ ಬಟ್ಟಲು ಹಿಡಿಸಿದವಳು ವಾಸಂತಿ. ನಮ್ಮ ಮಾವನವರ ಫೋಟೋದ ಮುಂದೆ ಆ ಕೈ ಮೆಲ್ಲಗೆ ಹೋಗಿ ಕೂತಿತು. ಎಡೆಯ ಮುಂದೆ ಹೊರಗಿನವರು ಇರಬಾರದು ಎಂಬುದು ನೆನಪಾದದ್ದು ಎಲ್ಲ ಮುಗಿದ ಮೇಲೆ.

ಮಿಕ್ಕ ಬಾಡನ್ನು ಸಾರಿನ ಸಮೇತ ಡಬ್ಬಿಗೆ ಹಾಕಿಟ್ಟೆ.

ಅಕ್ಟೋಬರ್ 6, ಗುರುವಾರ

ಇವತ್ತು ಸಾಲ್ಟ್ ಲೇಕಿಗೆ ಹೋಗಲಿಲ್ಲ. ಹುಡುಗಿ ಹನ್ನೆರಡೂವರೆಗೆ ಬಂದಳು. ನಾನೇ ಉಣಿಸಲು ಎದ್ದೆ. "ಬೇಡ ಆಂಟಿ, ದಿನಾ ಯಾರು ಉಣಿಸುತ್ತಾರೋ ಅವರೇ ಉಣಿಸಲಿ, ನಾನು ನೋಡಬೇಕು" ಅಂದಳು. ಕುರ್ಚಿಯಲ್ಲಿ ಕೂತೆ. ನನ್ನ ಮನೆಯಲ್ಲಿ ಇನ್ನೊಬ್ಬರು ಬಡಿಸುವುದನ್ನು ನೋಡುತ್ತಾ ಕೂರುವುದು ಅಭ್ಯಾಸವಿಲ್ಲ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ವಾಸಂತಿ ಡಬ್ಬಿ ತಂದಳು. ಮಣಿಕಟ್ಟಿಗೆ ಚಮಚ ತಾಗಿಸಿದಳು, ಬೆನ್ನಿನಿಂದ ಒತ್ತಿದಳು. ರಸ ಒಸರಿತು. ಇವರು ಗದ್ದ ಎದೆಗೆ ಒತ್ತಿಕೊಂಡರು. ಒಂದು ತುತ್ತು, ನುಂಗುವ ತನಕ ತಾಳ್ಮೆ, ಬಾಯಿ ಖಾಲಿಯಾಯಿತೆಂದು ನೋಡಿ ಇನ್ನೊಂದು. ಹುಡುಗಿ ಎರಡು ಬೆರಳನ್ನು ಇವರ ಗಂಟಲಿಗೆ ಹಗುರವಾಗಿ ಹಿಡಿದು ಪ್ರತಿ ಗುಟುಕನ್ನೂ ಎಣಿಸುತ್ತಿದ್ದಳು. ಒಂದು, ಎರಡು, ಮೂರು ಉಂಡೆ. ನಾಲ್ಕನೆಯದರ ನಡುವೆ ಒಂದು ಕೆಮ್ಮು ಬಂತು. ವಾಸಂತಿ ಚಮಚ ಕೆಳಗಿಟ್ಟು ಕಾದಳು. ಕೆಮ್ಮು ತಾನಾಗಿ ನಿಂತಿತು. ಐದನೆಯದೂ ಮುಗಿಯಿತು.

ತೂಕದ ಯಂತ್ರದ ಮೇಲೆ ಮೂವರೂ ಸೇರಿ ನಿಲ್ಲಿಸಿದೆವು. ನಲವತ್ತೊಂಬತ್ತೂವರೆ.

"ನಳಿಕೆ ಬೇಡ" ಎಂದಳು ಹುಡುಗಿ. "ಪೂಜೆ ಆದ ಮೇಲೆ ಇನ್ನೊಮ್ಮೆ ನೋಡೋಣ. ಆದರೆ ಈಗ ಬೇಡ."

ವಾಸಂತಿ ಕೈ ಜೋಡಿಸಿ ಮಾಲೆಗೆ ಮುಟ್ಟಿಸಿಕೊಂಡಳು. ನಾನು ತಟ್ಟೆ ಎತ್ತಲು ಬಗ್ಗಿದೆ. ಆಗ ಇವರು ನನ್ನ ಸೆರಗು ಹಿಡಿದು ಎಳೆದರು. ತುಟಿ ಒಂದು ಕಡೆಗೆ ಸೊಟ್ಟಗಾಯಿತು, ಹಣೆಯಲ್ಲಿ ನರ ಉಬ್ಬಿತು. ಏನೋ ನೋವು ಎಂದುಕೊಂಡೆ.

"ಉಪ್ಪು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕಮ್ಮಿ."

ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು. "ಮಾತು! ಎರಡು ಪದ! ಏನಂದರು ಆಂಟಿ?"

"ಏನಂದ್ರು ಮೇಶೋಮಶಾಯ್?" ಎಂದು ವಾಸಂತಿಯೂ ಇವರನ್ನೇ ನೋಡುತ್ತ ನನ್ನನ್ನು ಕೇಳಿದಳು. ಅವಳ ಮುಖ ಸಣ್ಣಗಾಗಿತ್ತು, ಬಿಸಿ ಮಾಡಿದ್ದರಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೋ ಎಂದು.

ಚೆನ್ನಾಗಿದೆ ಎಂದರು, ಅನ್ನಬಹುದಿತ್ತು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಇವರು ಒಂದು ಮಾತು ಅಂದವರಲ್ಲ. ಅನ್ನುವ ಧೈರ್ಯ ಇರಲಿಲ್ಲವೋ ಏನೋ.

"ಉಪ್ಪು ಕಡಿಮೆಯಂತೆ" ಎಂದೆ. "ನಿನ್ನದೇನೂ ತಪ್ಪಿಲ್ಲ ವಾಸಂತಿ. ಅಡುಗೆ ಮಾಡಿದವಳದು."

ಹುಡುಗಿ ಗಡಿಬಿಡಿಯಿಂದ ಬ್ಯಾಗಿನಲ್ಲಿ ಪೆನ್ನು ಹುಡುಕುತ್ತಿದ್ದಳು. ನಾನು ಮಂಚದ ಅಂಚಿನಲ್ಲಿ ಕೂತು ಇವರ ಬಾಯಿಯ ಹತ್ತಿರ ಕಿವಿ ಇಟ್ಟೆ.

"ಏನು ಕಮ್ಮಿ ಅಂದ್ರಿ? ಕೇಳಿಸಲಿಲ್ಲ ಕಣ್ರೀ. ಇನ್ನೊಂದ್ಸಲ ಹೇಳಿ."

ಕೇಳಿಸಿತ್ತು.